ಅಳಿವೆಯ ಬಾಯಲ್ಲಿ ಅಪಾಯದ ಲೆಕ್ಕ

ಶರಾವತಿಯು ಉತ್ತರ ದಂಡೆಯಲ್ಲಿ ಹೊನ್ನಾವರ ಪಟ್ಟಣವನ್ನೂ ದಕ್ಷಿಣ ದಂಡೆಯಲ್ಲಿ ಕಾಸರಕೋಡವನ್ನೂ ಇರಿಸಿಕೊಂಡು ಅರಬ್ಬಿ ಸಮುದ್ರ ಸೇರುವ ಅಳಿವೆಯಲ್ಲಿ ಮೀನುಗಾರಿಕೆ ದೋಣಿ ಮರಳದಿಬ್ಬಕ್ಕೆ ತಾಗುವುದು, ಅಲೆಗೆ ಸಿಕ್ಕಿ ಮಗುಚುವುದು ಈ ಕರಾವಳಿಗೆ ಹೊಸ ಸುದ್ದಿಯಲ್ಲ. ಅಂಥ ಸುದ್ದಿ ಬಂದಾಗಲೆಲ್ಲ ದಂಡೆಯಲ್ಲಿ ಎರಡು ಮಾತುಗಳು ಒಟ್ಟಿಗೇ ಕೇಳಿಬರುತ್ತವೆ: ಹೂಳೆತ್ತಿದ್ದರೆ ಹೀಗಾಗುತ್ತಲೇ ಇರಲಿಲ್ಲ ಎಂಬುದು ಒಂದು, ಕಡಲಿಗೆ ಇಳಿದ ಮೇಲೆ ಇದೆಲ್ಲ ಇದ್ದದ್ದೇ ಎಂಬುದು ಇನ್ನೊಂದು. ಅಪಘಾತಗಳೆಲ್ಲವನ್ನೂ ತಡೆಯಬಹುದು ಎಂಬ ನಂಬಿಕೆ ಮೊದಲ ಮಾತಿನ ಹಿಂದಿದ್ದರೆ, ಕೆಲವನ್ನು ಒಪ್ಪಿಕೊಂಡೇ ಬದುಕಬೇಕು ಎಂಬ ತಿಳಿವಳಿಕೆ ಎರಡನೆಯದರ ಹಿಂದಿದೆ. ಸುರಕ್ಷತೆಯ ವಿಜ್ಞಾನ ಕಳೆದ ನೂರು ವರ್ಷಗಳಲ್ಲಿ ಈ ಎರಡು ಮಾತುಗಳ ನಡುವೆಯೇ ಓಡಾಡಿದೆ. ಆದರೆ ಅದು ಕೊಡುವ ಉತ್ತರ ಎರಡಕ್ಕೂ ಪೂರ್ತಿ ಸೇರುವುದಿಲ್ಲ.

ಅಳಿವೆ ಏಕೆ ಅಪಾಯಕಾರಿ ಎಂಬುದನ್ನು ಮೊದಲು ನೋಡಬೇಕು. ನದಿ ಹೊತ್ತು ತಂದ ಮರಳು ಮತ್ತು ಸಮುದ್ರ ದಂಡೆಯುದ್ದಕ್ಕೂ ಸಾಗಿಸುವ ಮರಳು ನದಿಯ ಬಾಯಲ್ಲಿ ಸಂಧಿಸಿ ನೀರಿನಡಿಯಲ್ಲಿ ದಿಬ್ಬ ಕಟ್ಟುತ್ತವೆ. ಆಳ ಸಮುದ್ರದಲ್ಲಿ ಉದ್ದಕ್ಕೆ ಚಾಚಿಕೊಂಡು ಬರುವ ಅಲೆಯು ಈ ದಿಬ್ಬದ ಮೇಲೆ ಬಂದಾಗ ಅದರ ವೇಗ ತಗ್ಗಿ, ಉದ್ದ ಕುಗ್ಗಿ, ಎತ್ತರ ಹೆಚ್ಚುತ್ತದೆ. ಅಲೆಯ ಎತ್ತರ ನೀರಿನ ಆಳದ ಸುಮಾರು ಮುಕ್ಕಾಲು ಭಾಗವನ್ನು ಮುಟ್ಟಿದಾಗ ಅದು ನಿಲ್ಲಲಾರದೆ ಒಡೆಯುತ್ತದೆ. ದಿಬ್ಬದ ಮೇಲೆ ಮೂರು ಮೀಟರ್ ನೀರಿದ್ದರೆ ಸುಮಾರು 2.3 ಮೀಟರ್ ಎತ್ತರದ ಅಲೆ ಮಾತ್ರ ಅಲ್ಲಿ ಒಡೆಯುತ್ತದೆ, ಅದಕ್ಕಿಂತ ಚಿಕ್ಕವು ಉರುಳಿಕೊಂಡು ಒಳಗೆ ಹೋಗುತ್ತವೆ. ಇಳಿತದಲ್ಲಿ ನೀರು ಒಂದು ಮೀಟರ್ ತಗ್ಗಿತೆಂದರೆ ಒಂದೂವರೆ ಮೀಟರಿನ ಅಲೆಯೂ ಅದೇ ಜಾಗದಲ್ಲಿ ಒಡೆಯಲು ಶುರುವಾಗುತ್ತದೆ. ಇದರ ಜೊತೆಗೆ ಇಳಿತದ ಹೊತ್ತಿನಲ್ಲಿ ನದಿಯ ನೀರು ರಭಸದಿಂದ ಹೊರಗೆ ಹರಿಯುತ್ತಿರುತ್ತದೆ, ಒಳಬರುವ ಅಲೆಗಳಿಗೆ ಈ ಪ್ರವಾಹ ಎದುರಾಗಿ ಅವುಗಳನ್ನು ಇನ್ನಷ್ಟು ಒತ್ತಿ ಕಡಿದಾಗಿಸುತ್ತದೆ. ಬೆಳಿಗ್ಗೆ ಉಬ್ಬರದಲ್ಲಿ ಸಲೀಸಾಗಿ ಹೊರಗೆ ಹೋದ ದೋಣಿಗೆ, ಗಾಳಿಯಾಗಲಿ ಮಳೆಯಾಗಲಿ ಹೆಚ್ಚದೆಯೂ, ಮಧ್ಯಾಹ್ನ ಮೀನು ತುಂಬಿಕೊಂಡು ಬರುವಾಗ ಅಳಿವೆ ಬೇರೆಯದೇ ಆಗಿರುವುದು ಇದರಿಂದಲೇ.

ಒಳಬರುವ ದೋಣಿಯ ಸ್ಥಿತಿ ಹೊರಹೋಗುವ ದೋಣಿಯದಕ್ಕಿಂತ ಕಷ್ಟದ್ದು. ಹಿಂದಿನಿಂದ ಬಂದ ಅಲೆ ದೋಣಿಯ ಹಿಂಭಾಗವನ್ನು ಎತ್ತುತ್ತದೆ, ಮುಂಭಾಗ ತಗ್ಗಿ ನೀರಿಗೆ ನಾಟಿಕೊಳ್ಳುತ್ತದೆ. ಚುಕ್ಕಾಣಿಯ ಸುತ್ತಲಿನ ನೀರು ದೋಣಿಯಷ್ಟೇ ವೇಗದಲ್ಲಿ ಮುಂದಕ್ಕೆ ಓಡುತ್ತಿರುವುದರಿಂದ ದೋಣಿ ನಡೆಸುವ ತಾಂಡೇಲ ಎಷ್ಟು ತಿರುಗಿಸಿದರೂ ಅದಕ್ಕೆ ಹಿಡಿತ ಸಿಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ದೋಣಿ ಅಡ್ಡಡ್ಡ ತಿರುಗಿ ನಿಂತು, ಮುಂದಿನ ಅಲೆಯ ಪೆಟ್ಟನ್ನು ಮಗ್ಗುಲಿನಲ್ಲಿ ತಿನ್ನುತ್ತದೆ. ತಾಂಡೇಲನ ತಪ್ಪು ಯಾವ ಕ್ಷಣದಲ್ಲಾಯಿತು ಎಂದು ಆಮೇಲೆ ಕೇಳುವವರಿಗೆ ಸಿಗುವ ಉತ್ತರ ಹೆಚ್ಚಾಗಿ ಅರ್ಥವಿಲ್ಲದ್ದು, ಏಕೆಂದರೆ ಆ ಕೊನೆಯ ಸೆಕೆಂಡುಗಳಲ್ಲಿ ಅವನ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಇಲ್ಲಿಯೇ ಅಂಕಿಅಂಶದ ಒಂದು ಸಂಗತಿಯನ್ನೂ ಸೇರಿಸಿಕೊಳ್ಳಬೇಕು. ಹವಾಮಾನ ಮುನ್ಸೂಚನೆಯಲ್ಲಿ ಅಲೆಯ ಎತ್ತರ ಒಂದೂವರೆ ಮೀಟರ್ ಎಂದಿದ್ದರೆ ಎಲ್ಲ ಅಲೆಗಳೂ ಅಷ್ಟೇ ಎತ್ತರ ಎಂದಲ್ಲ. ಬರುವ ಅಲೆಗಳನ್ನೆಲ್ಲ ಎತ್ತರದ ಕ್ರಮದಲ್ಲಿ ಜೋಡಿಸಿ ಮೇಲಿನ ಮೂರನೇ ಒಂದು ಭಾಗದ ಸರಾಸರಿಯನ್ನು ತೆಗೆದಾಗ ಸಿಗುವ ಸಂಖ್ಯೆ ಅದು. ಎಂಟು ಸೆಕೆಂಡಿಗೊಂದು ಅಲೆ ಬರುತ್ತದೆ ಎಂದಿಟ್ಟುಕೊಂಡರೆ ಮೂರು ಗಂಟೆಗಳಲ್ಲಿ ಸುಮಾರು 1,350 ಅಲೆಗಳು ಬರುತ್ತವೆ, ಅವುಗಳ ಪೈಕಿ ಅತಿ ದೊಡ್ಡದು ಮುನ್ಸೂಚನೆಯ ಎತ್ತರದ ಸುಮಾರು 1.9 ಪಟ್ಟು, ಅಂದರೆ ಹೆಚ್ಚುಕಡಿಮೆ 2.8 ಮೀಟರ್ ಇರುವ ನಿರೀಕ್ಷೆಯಿದೆ. ಆ ಅಲೆ ಯಾವ ನಿಮಿಷದಲ್ಲಿ ಬರುತ್ತದೆ ಎಂದು ಯಾವ ವಿಜ್ಞಾನಿಯೂ ಹೇಳಲಾರ. ಆದರೆ ಅಂಥದೊಂದು ಬರುತ್ತದೆ ಎಂಬುದು ಮಾತ್ರ ಮೊದಲೇ ಗೊತ್ತಿರುವ ವಿಷಯ. ಅಪಘಾತಗಳ ಕುರಿತ ಗೊಂದಲದ ಬಹುಪಾಲು ಈ ಎರಡು ಸಂಗತಿಗಳನ್ನು ಬೆರೆಸುವುದರಿಂದ ಹುಟ್ಟುತ್ತದೆ. ಯಾರಿಗೆ, ಯಾವಾಗ ಎಂಬುದು ಆಕಸ್ಮಿಕ. ಒಂದು ಋತುವಿನಲ್ಲಿ ಸುಮಾರು ಎಷ್ಟು ಎಂಬುದು ಆಕಸ್ಮಿಕವಲ್ಲ.

ಎಲ್ಲ ಅಪಘಾತಗಳೂ ತಡೆಯಬಹುದಾದವೇ ಎಂಬ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಕೊಟ್ಟವರಲ್ಲಿ ಹೆಸರಾದವನು ಅಮೆರಿಕದ ವಿಮಾ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹರ್ಬರ್ಟ್ ಹೈನ್ರಿಕ್. 1931ರಲ್ಲಿ ಪ್ರಕಟವಾದ ಅವನ ಪುಸ್ತಕವು 75,000 ಕೈಗಾರಿಕಾ ಅಪಘಾತಗಳ ದಾಖಲೆಗಳನ್ನು ನೋಡಿ, ಅವುಗಳ 88 ಪ್ರತಿಶತಕ್ಕೆ ಕಾರ್ಮಿಕರ ಅಸುರಕ್ಷಿತ ವರ್ತನೆ ಕಾರಣ, 10 ಪ್ರತಿಶತಕ್ಕೆ ಅಸುರಕ್ಷಿತ ಯಂತ್ರ ಮತ್ತು ಪರಿಸರ ಕಾರಣ, ಉಳಿದ 2 ಪ್ರತಿಶತ ಮಾತ್ರ ತಡೆಯಲಾಗದವು ಎಂದಿತು. ಈ ಅಂಕಿಗಳು ದಶಕಗಳ ಕಾಲ ಕಾರ್ಖಾನೆಗಳ ಗೋಡೆಗಳ ಮೇಲೆ ರಾರಾಜಿಸಿದವು. ಆದರೆ ಅವನು ನೋಡಿದ್ದು ವಿಮಾ ಕಡತಗಳನ್ನು ಮತ್ತು ಕಾರ್ಖಾನೆಯವರೇ ಬರೆದಿಟ್ಟ ವರದಿಗಳನ್ನು. ತಪ್ಪು ಯಾರದೆಂದು ಮೇಲ್ವಿಚಾರಕ ಬರೆಯುವಾಗ ಸಹಜವಾಗಿಯೇ ಕೆಳಗಿನವನ ಕೈಯತ್ತ ಬೆರಳು ತೋರಿಸುತ್ತಾನೆ. ಅಳಿವೆಯಲ್ಲಿ ಮಗುಚಿದ ದೋಣಿಯ ಬಗ್ಗೆ ಅದೇ ಬಗೆಯ ವರದಿ ಬರೆದರೆ ಕಾರಣದ ಕಾಲಮ್ಮಿನಲ್ಲಿ ತಾಂಡೇಲನ ಅಜಾಗರೂಕತೆ ಎಂದು ಬರುತ್ತದೆಯೇ ಹೊರತು ಹೂಳು ಎಂದು ಬರುವುದಿಲ್ಲ, ಹೂಳಿನ ಆಳವನ್ನು ಯಾರೂ ಅಳೆದು ಹೇಳಿರಲಿಲ್ಲ ಎಂದಂತೂ ಬರುವುದೇ ಇಲ್ಲ.

ಇನ್ನೊಂದು ತುದಿಯಲ್ಲಿ ನಿಂತವನು ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಪೆರೋ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ನಡೆದ ಅವಘಡವನ್ನು ಅಧ್ಯಯನ ಮಾಡಿದ ಅವನು, 1984ರ ತನ್ನ ಪುಸ್ತಕದಲ್ಲಿ, ಭಾಗಗಳು ಒಂದರ ಮೇಲೊಂದು ಊಹೆಗೆ ನಿಲುಕದ ರೀತಿಯಲ್ಲಿ ಪ್ರಭಾವ ಬೀರುವ, ಒಂದು ಕೆಟ್ಟರೆ ಮುಂದಿನದು ತಕ್ಷಣವೇ ಕೆಡುವಷ್ಟು ಬಿಗಿಯಾಗಿ ಹೆಣೆದುಕೊಂಡಿರುವ ವ್ಯವಸ್ಥೆಗಳಲ್ಲಿ ಅಪಘಾತ ಎಂಬುದು ವ್ಯವಸ್ಥೆಯ ಸಹಜ ಗುಣವೇ ಎಂದು ವಾದಿಸಿದ. ಅಲ್ಲಿ ಇನ್ನೊಂದು ಸುರಕ್ಷತಾ ಉಪಕರಣ ಸೇರಿಸಿದರೆ ಜಟಿಲತೆ ಇನ್ನಷ್ಟು ಹೆಚ್ಚುತ್ತದೆ. ಅದೇ ಪುಸ್ತಕದಲ್ಲಿ ಅವನು ಹಡಗು ಸಂಚಾರವನ್ನು ಬೇರೆ ಗುಂಪಿಗೆ ಸೇರಿಸಿ, ಅದನ್ನು ತಪ್ಪು ಮಾಡಿಸುವ ವ್ಯವಸ್ಥೆ ಎಂದು ಕರೆದಿರುವುದು ಕಡಿಮೆ ಜನರ ಗಮನಕ್ಕೆ ಬಂದಿದೆ: ಅಲ್ಲಿ ತಂತ್ರಜ್ಞಾನ ಅಷ್ಟೇನೂ ಜಟಿಲವಲ್ಲ, ಆದರೆ ಸಮಯದ ಒತ್ತಡ, ಹಣದ ಒತ್ತಡ, ವಿಮೆ, ಮಾಲೀಕತ್ವ ಎಲ್ಲವೂ ಸೇರಿ ಹಡಗು ನಡೆಸುವವನನ್ನು ಅಪಾಯದ ಕಡೆಗೇ ತಳ್ಳುತ್ತವೆ. ಕಾಸರಕೋಡದ ಮೀನುಗಾರರ ನೆಲೆಯಾದ ಟೊಂಕಕ್ಕೆ ಪೆರೋನ ಈ ಎರಡನೆಯ ಮಾತೇ ಹೆಚ್ಚು ಒಪ್ಪುತ್ತದೆ. ಮೀನು ಬೇಗ ದಂಡೆಗೆ ಬಂದರೆ ಒಳ್ಳೆಯ ದರ, ತಡವಾದರೆ ಕಡಿಮೆ ದರ. ಹಿಡಿದ ಮೀನಿನ ಪಾಲನ್ನೇ ದುಡಿಮೆಯಾಗಿ ಪಡೆಯುವವರಿಗೆ ಅಳಿವೆಯ ಹೊರಗೆ ಉಬ್ಬರಕ್ಕಾಗಿ ಮೂರು ಗಂಟೆ ಕಾಯುವುದೆಂದರೆ ಕೂಲಿಯಲ್ಲಿ ಕಡಿತ.

ಇಂಥ ಅಪಾಯ ನೀರಿನ ಮೇಲಷ್ಟೇ ಅಲ್ಲ, ರಸ್ತೆಯ ಮೇಲೂ ಇದೆ. ರಾಷ್ಟ್ರೀಯ ಹೆದ್ದಾರಿ 66 ಕಾಸರಕೋಡವನ್ನು ಹಾಯ್ದು ಉತ್ತರಕ್ಕೆ ಕುಮಟಾದತ್ತ ಸಾಗುತ್ತದೆ. ಆ ತಾಲೂಕಿನ ಬರ್ಗಿಯಲ್ಲಿ 2015ರ ಸೆಪ್ಟೆಂಬರ್ 1ರಂದು ಅಡುಗೆ ಅನಿಲದ ಟ್ಯಾಂಕರ್ ಉರುಳಿ, ಸೋರಿದ ಅನಿಲ ಮನೆಗಳತ್ತ ಹರಡಿ ಬೆಂಕಿ ಹೊತ್ತಿಕೊಂಡು ಹಲವರು ಪ್ರಾಣ ಕಳೆದುಕೊಂಡರು. ಅಡುಗೆ ಅನಿಲವನ್ನು ಒತ್ತಡದಲ್ಲಿ ದ್ರವವಾಗಿಸಿ ಸಾಗಿಸುತ್ತಾರೆ. ಹೊರಬಿದ್ದ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹಿಗ್ಗುತ್ತದೆ, ಗಾಳಿಗಿಂತ ಭಾರವಾದ್ದರಿಂದ ಮೇಲೆ ಹೋಗದೆ ನೀರಿನಂತೆ ತಗ್ಗಿನ ಕಡೆಗೆ ಹರಿಯುತ್ತದೆ, ಗಾಳಿಯಲ್ಲಿ ಅದರ ಪ್ರಮಾಣ ಸುಮಾರು 2 ಪ್ರತಿಶತ ತಲುಪಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಹದಿನೆಂಟು ಟನ್ನಿನ ಒಂದು ಟ್ಯಾಂಕರಿನ ಅನಿಲವೆಲ್ಲ ಸೋರಿ, ನೆಲಕ್ಕಂಟಿದ ಒಂದು ಮೀಟರ್ ದಪ್ಪದ ಪದರವಾಗಿ ಸಮನಾಗಿ ಹರಡಿತೆಂದು ಲೆಕ್ಕಕ್ಕಾಗಿ ಭಾವಿಸಿದರೆ ಹೊತ್ತಿಕೊಳ್ಳಬಲ್ಲ ಗಾಳಿ ನೂರು ಎಕರೆಯ ಹತ್ತಿರ ಬರುತ್ತದೆ. ಕತ್ತಲಲ್ಲಿ ವಾಸನೆಗೆ ಎಚ್ಚರವಾಗಿ ದೀಪದ ಗುಂಡಿ ಒತ್ತುವುದೂ ಅಂಥ ಜಾಗದಲ್ಲಿ ಪ್ರಾಣಾಂತಿಕ. ಚಾಲಕನ ತಪ್ಪನ್ನು ಪೂರ್ತಿಯಾಗಿ ತಡೆಯಲು ಸಾಧ್ಯವಿಲ್ಲ ಎಂದು ಒಪ್ಪಿಕೊಂಡರೂ, ಅನಿಲ ತುಂಬಿದ ವಾಹನ ಜನವಸತಿಯ ಅಂಚಿನಲ್ಲಿ, ಯಾವ ಹೊತ್ತಿನಲ್ಲಿ, ಯಾವ ವೇಗದಲ್ಲಿ ಹೋಗಬೇಕು ಎಂಬುದು ಯಾರೋ ಕಚೇರಿಯಲ್ಲಿ ಕುಳಿತು ತೆಗೆದುಕೊಂಡ, ಅಥವಾ ತೆಗೆದುಕೊಳ್ಳದೆ ಬಿಟ್ಟ, ತೀರ್ಮಾನ.

ಆದ್ದರಿಂದ ಅಪಘಾತವನ್ನು ತಡೆಯುವುದು ಮತ್ತು ಅಪಘಾತದಿಂದಾಗುವ ಸಾವನ್ನು ತಡೆಯುವುದು ಬೇರೆ ಬೇರೆ ಕೆಲಸಗಳೆಂದು ಗುರುತಿಸುವುದು ಅಗತ್ಯ. 1997ರಲ್ಲಿ ಸ್ವೀಡನ್ನಿನ ಸಂಸತ್ತು ರಸ್ತೆ ಸುರಕ್ಷತೆಯ ಹೊಸ ನೀತಿಯೊಂದನ್ನು ಒಪ್ಪಿಕೊಂಡಿತು. ಅದರ ಗುರಿ ಅಪಘಾತಗಳನ್ನು ಶೂನ್ಯಕ್ಕಿಳಿಸುವುದಾಗಿರಲಿಲ್ಲ, ಸಾವು ಮತ್ತು ಗಂಭೀರ ಗಾಯಗಳನ್ನು ಶೂನ್ಯಕ್ಕಿಳಿಸುವುದಾಗಿತ್ತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ರಸ್ತೆ ಆ ತಪ್ಪಿಗೆ ಮರಣದಂಡನೆ ವಿಧಿಸಬಾರದು ಎಂಬುದು ಅದರ ತಿರುಳು. ವಾಹನದ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 50 ಕಿಲೋಮೀಟರಿನಿಂದ 100ಕ್ಕೆ ಹೋದಾಗ ಪೆಟ್ಟು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಅಲ್ಲಿ ಎದುರುಬದುರು ಸಾಗುವ ವಾಹನಗಳ ನಡುವೆ ಉಕ್ಕಿನ ತಂತಿಯ ತಡೆ ಹಾಕಿದರು, ಜನ ನಡೆದಾಡುವ ಕಡೆ ವೇಗವನ್ನು 30ಕ್ಕೆ ಇಳಿಸಿದರು, ನಾಲ್ಕು ರಸ್ತೆ ಸೇರುವಲ್ಲಿ ವೃತ್ತಗಳನ್ನು ಕಟ್ಟಿದರು. ತಂತಿಗೆ ವಾಹನ ತಾಗುವ ಸಣ್ಣ ಘಟನೆಗಳು ಹೆಚ್ಚಾದರೂ ಪರವಾಗಿಲ್ಲ ಎಂದುಕೊಂಡರು. 1997ರಲ್ಲಿ ಆ ದೇಶದ ರಸ್ತೆಗಳಲ್ಲಿ 541 ಜನ ಸತ್ತಿದ್ದರೆ 2020ರಲ್ಲಿ 204 ಜನ ಸತ್ತರು. ಶೂನ್ಯ ಇನ್ನೂ ದೂರವಿದೆ, ಆದರೆ ಆ ಅಂತರ ಅದೃಷ್ಟದಿಂದ ಬಂದದ್ದಲ್ಲ.

ಈ ವ್ಯತ್ಯಾಸವನ್ನು ಕಾರವಾರದ ಕೂರ್ಮಗಡದ ದುರಂತಕ್ಕೆ ಹೊಂದಿಸಿ ನೋಡಿದರೆ ಅದು ಇನ್ನೂ ಸ್ಪಷ್ಟವಾಗುತ್ತದೆ. 2019ರ ಜನವರಿ 21ರಂದು ನರಸಿಂಹ ದೇವರ ಜಾತ್ರೆ ಮುಗಿಸಿ ನಡುಗಡ್ಡೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು, ಲೈಫ್ ಜಾಕೆಟ್ ಇರಲಿಲ್ಲ ಎಂದು ಆಗಿನ ವರದಿಗಳು ಹೇಳಿದವು. ಅಲೆಯನ್ನು ತಡೆಯಲಾಗದು ಎಂಬುದು ನಿಜವಾದರೂ, ನೀರಿಗೆ ಬಿದ್ದವರು ತೇಲುತ್ತಾರೋ ಮುಳುಗುತ್ತಾರೋ ಎಂಬುದು ಅಲೆಯ ಕೈಯಲ್ಲಿ ಮಾತ್ರ ಇಲ್ಲ. ಮೀನುಗಾರರ ವಿಷಯದಲ್ಲಿ ಇದು ತುಸು ಜಟಿಲ: ಬಲೆ ಎಳೆಯುವವನಿಗೆ ದಪ್ಪ ಸ್ಪಂಜಿನ ಜಾಕೆಟ್ ಸೆಕೆಯ ಜೊತೆಗೆ ಹಗ್ಗಕ್ಕೆ ಸಿಕ್ಕಿಕೊಳ್ಳುವ ಭಯವನ್ನೂ ತರುತ್ತದೆ, ಹೀಗಾಗಿ ಅದು ಕ್ಯಾಬಿನ್ನಿನ ಮೂಲೆಯಲ್ಲೇ ಉಳಿಯುತ್ತದೆ. ನಿಯಮ ಮುರಿದರು ಎಂದು ಅವರನ್ನು ಬೈಯುವ ಮುಂಚೆ ಕೆಲಸ ಮಾಡುತ್ತಾ ಧರಿಸಬಹುದಾದ, ನೀರಿಗೆ ಬಿದ್ದಾಗ ತಾನೇ ಉಬ್ಬುವ ಬಗೆಯ ಜಾಕೆಟ್ ಅವರ ಕೈಗೆಟಕುವ ಬೆಲೆಯಲ್ಲಿ ಸಿಗುತ್ತದೆಯೇ ಎಂದು ಕೇಳುವುದು ನ್ಯಾಯ.

ಹಾಗಾದರೆ ಎಷ್ಟು ಅಪಾಯವನ್ನು ಒಪ್ಪಿಕೊಳ್ಳಬಹುದು? ಇಲ್ಲಿ ಅಪಾಯ ಎಂದರೆ ಒಂದು ಹಾನಿ ಒದಗುವ ಸಾಧ್ಯತೆ ಮತ್ತು ಆ ಹಾನಿಯ ಗಾತ್ರ ಎರಡೂ ಸೇರಿದ ಅಳತೆ. ಬ್ರಿಟನ್ನಿನ ಸುರಕ್ಷತಾ ಪ್ರಾಧಿಕಾರವು ಅಣುಸ್ಥಾವರಗಳ ಕುರಿತು 1988ರಲ್ಲಿ ಹೊರತಂದ ದಾಖಲೆಯಲ್ಲಿ ಮೂರು ಗೆರೆಗಳನ್ನು ಎಳೆಯಿತು: ಕೆಲಸಗಾರನಿಗೆ ವರ್ಷಕ್ಕೆ ಸಾವಿರದಲ್ಲಿ ಒಂದಕ್ಕಿಂತ ಹೆಚ್ಚಿನ ಸಾವಿನ ಸಾಧ್ಯತೆಯನ್ನು, ಹೊರಗಿನ ಸಾರ್ವಜನಿಕರ ಮೇಲೆ ಹತ್ತು ಸಾವಿರದಲ್ಲಿ ಒಂದಕ್ಕಿಂತ ಹೆಚ್ಚಿನದನ್ನು ಹೇರುವಂತಿಲ್ಲ, ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಈ ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವಿನ ಅಪಾಯವನ್ನು ಸಾಧ್ಯವಾದಷ್ಟೂ ಇಳಿಸಬೇಕು, ಇಳಿಸುವ ಖರ್ಚು ಸಿಗುವ ಪ್ರಯೋಜನಕ್ಕೆ ಹೋಲಿಸಿದರೆ ತೀರಾ ವಿಪರೀತವಾದಾಗ ಮಾತ್ರ ನಿಲ್ಲಿಸಬಹುದು. ಈ ಕೊನೆಯ ತತ್ತ್ವ 1949ರಲ್ಲಿ ಕಲ್ಲಿದ್ದಲು ಗಣಿಯ ಕಾರ್ಮಿಕನೊಬ್ಬನ ಸಾವಿನ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಲಯ ಕೊಟ್ಟ ತೀರ್ಪಿನಿಂದ ಬಂದದ್ದು.

ಈ ಗೆರೆಗಳನ್ನು ಇಲ್ಲಿಗೆ ತಂದು ಇಟ್ಟರೆ ಸಿಗುವ ಚಿತ್ರ ಅಹಿತಕರವಾದದ್ದು. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಸುಮಾರು 140 ಕೋಟಿ ಜನಸಂಖ್ಯೆಗೆ ಭಾಗಿಸಿದರೆ ಅದು ವರ್ಷಕ್ಕೆ ಎಂಟು ಸಾವಿರ ಚಿಲ್ಲರೆ ಜನರಲ್ಲಿ ಒಬ್ಬ. ಅಂದರೆ ಅಣುಸ್ಥಾವರ ಪಕ್ಕದವರ ಮೇಲೆ ಹೇರಬಾರದೆಂದು ಬ್ರಿಟನ್ ಹಾಕಿದ ಮಿತಿಯನ್ನು ಭಾರತದ ಸಾಮಾನ್ಯ ಮನುಷ್ಯ ರಸ್ತೆಯಲ್ಲೇ ದಾಟುತ್ತಾನೆ. ಕಡಲ ಮೀನುಗಾರಿಕೆಯ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಹಳೆಯ ಅಂದಾಜು ವರ್ಷಕ್ಕೆ ಲಕ್ಷಕ್ಕೆ 80 ಸಾವು, ಅಂದರೆ 1,250ರಲ್ಲಿ ಒಂದು; ನಂತರದ ಅಂದಾಜುಗಳು ಇದಕ್ಕಿಂತ ಹೆಚ್ಚೇ ಇವೆ. ಕೆಲಸಗಾರನಿಗೆ ಹಾಕಿದ ಕೊನೆಯ ಗೆರೆಯ ಅಂಚಿನಲ್ಲೇ ಈ ಕಸುಬು ನಿಂತಿದೆ.

ಹೀಗಿದ್ದರೂ ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೈಗಾ ಅಣುಸ್ಥಾವರದ ಬಗ್ಗೆ ಇರುವಷ್ಟು ಭಯ ಅಳಿವೆಯ ಬಗ್ಗೆ ಇಲ್ಲ. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಕೈಗಾದ ಗುಮ್ಮಟದ ಒಳಪದರ ಕಳಚಿ ಬಿದ್ದದ್ದನ್ನು ಜನ ಮರೆತಿಲ್ಲ, ಆದರೆ ಅಳಿವೆಯಲ್ಲಿ ಹೋದವರನ್ನು ಅವರ ಮನೆಯವರ ಹೊರತು ನೆನಪಿಡುವವರು ಕಡಿಮೆ. ಇದನ್ನು ಅಜ್ಞಾನ ಎನ್ನುವುದು ಸುಲಭ, ಸರಿಯಲ್ಲ. ಅಪಾಯದ ಅಧ್ಯಯನಕಾರ ಚಾನ್ಸಿ ಸ್ಟಾರ್ 1969ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಜನರು ತಾವಾಗಿ ಆಯ್ದುಕೊಂಡ ಅಪಾಯವನ್ನು ಬೇರೆಯವರು ತಮ್ಮ ಮೇಲೆ ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಸಹಿಸುತ್ತಾರೆ ಎಂದು ಲೆಕ್ಕ ಹಾಕಿದ್ದ. ಪಾಲ್ ಸ್ಲೊವಿಕ್ ಮೊದಲಾದ ಸಂಶೋಧಕರು ಆಮೇಲೆ ಇದಕ್ಕೆ ಅಪರಿಚಿತತೆ ಮತ್ತು ಭೀತಿ ಎಂಬ ಇನ್ನೆರಡು ಅಂಶಗಳನ್ನು ಸೇರಿಸಿದರು. ಸ್ಟಾರನ ಲೆಕ್ಕದ ಬಲಹೀನ ಭಾಗ ‘ತಾವಾಗಿ’ ಎಂಬಲ್ಲಿದೆ. ಬೇರೆ ಕಸುಬಿಲ್ಲದ ಖಾರ್ವಿ ಅಥವಾ ಹರಿಕಾಂತ ಮೀನುಗಾರ ಯುವಕ ಆಗಸ್ಟಿನ ಮೊದಲ ವಾರ ಇನ್ನೂ ಅಬ್ಬರ ತಗ್ಗದ ಕಡಲಿಗೆ ಇಳಿಯುವುದನ್ನು ಸ್ವಂತ ಆಯ್ಕೆ ಎಂದು ಬರೆದುಕೊಳ್ಳುವುದು ಲೆಕ್ಕಿಗನಿಗೆ ಅನುಕೂಲ ಅಷ್ಟೇ.

ಅನುಭವವೂ ಇಲ್ಲಿ ಮೋಸ ಮಾಡುತ್ತದೆ. ಒಂದು ಸಲ ಅಳಿವೆ ದಾಟುವಾಗ ಮಗುಚುವ ಸಾಧ್ಯತೆ ಸಾವಿರದಲ್ಲಿ ಒಂದು ಎಂದು ಉದಾಹರಣೆಗೆ ಇಟ್ಟುಕೊಂಡರೆ, ಒಂದು ಋತುವಿನಲ್ಲಿ 200 ಸಲ ದಾಟುವ ದೋಣಿಗೆ ಅದು ಸುಮಾರು 18 ಪ್ರತಿಶತ, ಹೆಚ್ಚುಕಡಿಮೆ ಐದರಲ್ಲಿ ಒಂದು ಆಗುತ್ತದೆ. ಆದರೆ ತಾಂಡೇಲನ ನೆನಪಿನಲ್ಲಿರುವುದು ಸುರಕ್ಷಿತವಾಗಿ ದಾಟಿದ ನೂರಾರು ದಿನಗಳು. ಪ್ರತಿಯೊಂದೂ ಮುಂದಿನ ದಿನಕ್ಕೆ ಧೈರ್ಯ ತುಂಬುತ್ತದೆ. 1986ರಲ್ಲಿ ಸ್ಫೋಟಿಸಿದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಎಂಜಿನಿಯರುಗಳೂ ಇದೇ ಬಗೆಯಲ್ಲಿ ಹಿಂದಿನ ಹಾರಾಟಗಳಲ್ಲಿ ಕಂಡ ದೋಷಕ್ಕೆ ಒಗ್ಗಿಹೋಗಿದ್ದರು ಎಂದು ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ ತೋರಿಸಿದ್ದಾಳೆ. ಈ ದೃಷ್ಟಿಯಿಂದ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗಿರುವ 61 ದಿನಗಳ ನಿಷೇಧ, ಮೀನಿನ ಸಂತಾನಕ್ಕಾಗಿ ಮಾಡಿದ್ದಾದರೂ, ತಾಂಡೇಲನ ಧೈರ್ಯದ ಮೇಲೆ ಬಿಡದೆ ಎಲ್ಲರನ್ನೂ ಒಟ್ಟಿಗೆ ದಂಡೆಯಲ್ಲಿರಿಸುವ ಒಳ್ಳೆಯ ಸುರಕ್ಷತಾ ನಿಯಮವೂ ಹೌದು. 

ಮುನ್ಸೂಚನೆಯ ವಿಜ್ಞಾನ ಹಿಂದಿಗಿಂತ ಬಹಳ ಮುಂದೆ ಹೋಗಿದೆ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವಾದ ಇನ್‌ಕಾಯ್ಸ್ ಚಿಕ್ಕ ದೋಣಿಗಳಿಗೆಂದೇ ಸಿದ್ಧಪಡಿಸಿರುವ ಸಲಹಾ ವ್ಯವಸ್ಥೆಯು ಅಲೆಯ ಎತ್ತರದ ಜೊತೆಗೆ ಅದು ಎಷ್ಟು ಕಡಿದಾಗಿದೆ, ಎಷ್ಟು ದಿಕ್ಕುಗಳಿಂದ ಬರುತ್ತಿದೆ, ಗಾಳಿ ಎಷ್ಟು ಬೇಗ ಏರುತ್ತಿದೆ ಎಂಬುದನ್ನೆಲ್ಲ ಸೇರಿಸಿ ದೋಣಿಯ ಅಗಲಕ್ಕೆ ತಕ್ಕಂತೆ ಎಚ್ಚರಿಕೆ ಕೊಡುತ್ತದೆ. ಆದರೆ ತೆರೆದ ಸಮುದ್ರದ ಮುನ್ಸೂಚನೆ ಅಳಿವೆಯ ದಿಬ್ಬದ ಮೇಲೆ ಇವತ್ತು ಎಷ್ಟು ನೀರಿದೆ ಎಂಬುದನ್ನು ಹೇಳಲಾರದು, ಅದನ್ನು ಅಲ್ಲೇ ಇಳಿದು ಅಳೆಯಬೇಕು.

ಅಳಿವೆಗೆ ಎರಡೂ ಬದಿ ಕಲ್ಲಿನ ತಡೆಗೋಡೆ ಕಟ್ಟಿದರೆ ಸಮಸ್ಯೆ ತೀರುತ್ತದೆ ಎಂಬ ಬೇಡಿಕೆಯನ್ನೂ ಎಚ್ಚರದಿಂದ ನೋಡಬೇಕು. ದಂಡೆಯುದ್ದಕ್ಕೂ ಸಾಗುವ ಮರಳನ್ನು ಗೋಡೆ ಒಂದು ಬದಿಯಲ್ಲಿ ಹಿಡಿದಿಟ್ಟರೆ ಇನ್ನೊಂದು ಬದಿಯ ದಂಡೆ ಮರಳಿಲ್ಲದೆ ಕೊರೆಯುತ್ತದೆ; ದೋಣಿಯವರ ಅಪಾಯ ಕಡಿಮೆಯಾಗಿ ದಂಡೆಯಲ್ಲಿ ಮನೆ ಕಟ್ಟಿಕೊಂಡವರ ಅಪಾಯ ಹೆಚ್ಚಾಗುತ್ತದೆ. ಕಾಸರಕೋಡ ಟೊಂಕದ ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ನಡೆಸುತ್ತಿರುವ ಹೋರಾಟದಲ್ಲಿ ಮೀನು ಒಣಗಿಸುವ ಜಾಗ, ಕಡಲಾಮೆ ಮೊಟ್ಟೆಯಿಡುವ ಮರಳು, ಮನೆಗಳು ಎಲ್ಲವೂ ಒಟ್ಟಿಗೆ ಬಂದಿರುವುದು ಆಶ್ಚರ್ಯವಲ್ಲ. ಅಪಾಯ ಹೀಗೆ ಬೇರೆಯವರ ಪಾಲಾಗುವುದು ಕಡಲಂಚಿನಲ್ಲಷ್ಟೇ ಅಲ್ಲ: 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದಾಗ ಚಹಾ ಅಂಗಡಿಯ ಕುಟುಂಬ, ನಿಂತಿದ್ದ ಲಾರಿಗಳ ಚಾಲಕರು ಮಾತ್ರವಲ್ಲ, ಗಂಗಾವಳಿ ನದಿಯ ಆಚೆ ದಂಡೆಯ ಉಳುವರೆಯವರೂ ಎದ್ದು ಬಂದ ನೀರಿಗೆ ಸಿಕ್ಕಿದರು. ಅಗಲವಾದ ರಸ್ತೆಯ ಲಾಭ ಯಾರಿಗೋ, ಅದರ ಪಕ್ಕದ ಗುಡ್ಡದ ಅಪಾಯ ಇನ್ಯಾರಿಗೋ.

ಅಪಾಯ ಹೊರುವವನು ಮತ್ತು ಅದನ್ನು ತೀರ್ಮಾನಿಸುವವನು ಒಬ್ಬನೇ ಆದಾಗ ಸುರಕ್ಷತೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಅಮೆರಿಕದ ಡ್ಯೂಪಾಂಟ್ ಕಂಪನಿಯ ಆರಂಭದ ದಿನಗಳು ಸಾಕ್ಷಿ. 1802ರಲ್ಲಿ ಸಿಡಿಮದ್ದಿನ ತಯಾರಿಕೆಗೆ ಇಳಿದ ಆ ಮಾಲೀಕರ ಮನೆ ಮದ್ದಿನ ಗಿರಣಿಗಳ ಪಕ್ಕದಲ್ಲೇ ಇತ್ತು. ಹೊಸ ಗಿರಣಿಯನ್ನು ಮೇಲಿನವರು ತಾವೇ ನಡೆಸಿ ನೋಡುವವರೆಗೆ ಕಾರ್ಮಿಕರು ಒಳಗೆ ಹೋಗುವಂತಿರಲಿಲ್ಲ. ಕಾಸರಕೋಡದಲ್ಲಿ ಇದರ ತಿರುವುಮುರುವು ಕಾಣುತ್ತದೆ. 2020ರ ಅಕ್ಟೋಬರಿನಲ್ಲಿ ಇಲ್ಲಿನ ಇಕೋ ಬೀಚ್‌ಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು; ಆ ಮಾನ್ಯತೆಗೆ ಇರುವ 33 ಮಾನದಂಡಗಳಲ್ಲಿ ಜೀವರಕ್ಷಕ ವ್ಯವಸ್ಥೆ, ಪ್ರಥಮ ಚಿಕಿತ್ಸೆ, ತುರ್ತು ಯೋಜನೆ ಇವೆಲ್ಲ ಸೇರಿವೆ. ರಜೆಗೆ ಬಂದು ಅರ್ಧ ಗಂಟೆ ನೀರಿಗಿಳಿಯುವ ಪ್ರವಾಸಿಗನ ಅಪಾಯವನ್ನು ಹೀಗೆ ಲೆಕ್ಕ ಹಾಕಿ ಇಳಿಸಿರುವ ಊರಿನಲ್ಲೇ, ದಿನವೂ ಅಳಿವೆ ದಾಟುವವನ ಅಪಾಯವನ್ನು ಅದೇ ಶಿಸ್ತಿನಿಂದ ಅಳೆಯುವ ಮಾನದಂಡವೊಂದು ರೂಪುಗೊಂಡಿಲ್ಲ. ಪ್ರವಾಸಿಗನಿಗೆ ಮಾಡಿದ್ದು ತಪ್ಪಲ್ಲ. ಅದು ಸಾಧ್ಯ ಎಂದು ತೋರಿಸಿಕೊಟ್ಟಿದೆ.

ಕಡಲಿನ ಎಲ್ಲ ಅಪಘಾತಗಳನ್ನೂ ತಡೆಯಲಾಗದು. ಆದರೆ 1949ರ ತೀರ್ಪಿನ ಅಳತೆಗೋಲು ಹಿಡಿದು ನೋಡಿದರೆ, ಅಳಿವೆಯಲ್ಲಿ ಇನ್ನೂ ಮಾಡದೆ ಉಳಿದಿರುವ ಕೆಲಸಗಳಲ್ಲಿ ತೀರಾ ವಿಪರೀತ ಖರ್ಚಿನವು ಕಡಿಮೆ. ಆಗಸ್ಟ್ 1ಕ್ಕೆ ಮೊದಲು, ಮತ್ತು ಪ್ರತಿ ದೊಡ್ಡ ಮಳೆಯ ನಂತರ, ದಿಬ್ಬದ ಮೇಲಿನ ಆಳವನ್ನು ಅಳೆದು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಯಾವ ದೋಣಿ ದಾಟಬಾರದು ಎಂದು ಬಂದರಿನ ಫಲಕದ ಮೇಲೆ ಬರೆಯುವುದಕ್ಕೆ ಬೇಕಾಗುವುದು ಒಂದು ದೋಣಿ, ಒಂದು ಎಕೋ ಸೌಂಡರ್ ಮತ್ತು ಉಬ್ಬರವಿಳಿತದ ಕೋಷ್ಟಕ. ಮೂರೂ ಈ ದಂಡೆಯಲ್ಲೇ ಸಿಗುತ್ತವೆ.